ರೊಂಕ್ ಮನೆಯ ಹೊಗೆ

ಮನುಷ್ಯರನ್ನು ಹಿಂದಿನಿಂದ ನೋಡಿ ತೂಗುವುದನ್ನು ರೊಂಕ್ ಮನೆಯ ವೆಫಾ ಮೂವತ್ತೊಂದು ಚಳಿಗಾಲಗಳಲ್ಲಿ ಕಲಿತವಳು. ವಾಲ್ ಸ್ಕೂರ ಕಣಿವೆಯ ಹಳೆಯ ಸ್ಕೀ ಲಿಫ್ಟಿನ ಬುಡದಲ್ಲಿ ಆಗ ಅವಳ ಕೆಲಸ. ಮೇಲಿನ ತಂತಿಯಿಂದ ಲಂಗರಿನಂಥ ಕೋಲುಗಳು, ಇಬ್ಬರಿಗೊಂದರಂತೆ, ಒಂದರ ಹಿಂದೊಂದು ತೂಗಿಕೊಂಡು ಬರುತ್ತಿದ್ದವು. ಅವನ್ನು ಹಿಡಿದು, ಕಾಲಿಗೆ ಸ್ಕೀ ಕಟ್ಟಿ ಸಾಲಿನಲ್ಲಿ ನಿಂತವರ ಕುಂಡಿಯ ಕೆಳಗೆ ಸರಿಯಾಗಿ ಸಿಕ್ಕಿಸಬೇಕು, ಅಷ್ಟೆ. ಕೋಲು ಅವರನ್ನು ಗುಡ್ಡದ ಮೇಲಕ್ಕೆ ಎಳೆದೊಯ್ಯುತ್ತಿತ್ತು. ಮಂತ್ರಿ, ಬ್ಯಾಂಕಿನ ದೊಡ್ಡ ಸಾಹೇಬ, ಮ್ಯೂನಿಕ್ಕಿನ ಹಲ್ಲಿನ ಡಾಕ್ಟರು, ಇಬ್ಬರು ಬಿಷಪ್ಪರು, ಎಲ್ಲರೂ ಅವಳ ಕೈಯಡಿ ಹಾದವರೇ.

"ಮುಖ ಸುಳ್ಳು ಹೇಳುತ್ತೆ. ಕುಂಡಿಗೆ ಆ ವಿದ್ಯೆ ಬರೋದಿಲ್ಲ," ಎನ್ನುತ್ತಿದ್ದಳು.

ಕೋಲು ಬರುವ ಮೊದಲೇ ಕೂರಲು ಹೋಗುವವನು ಯಾರದೋ ಆಸ್ತಿಗೆ ಕಾದು ಕೂತವನು. ಕೂತು ಉರುಳಿ ಬಿದ್ದು, ಎದ್ದ ತಕ್ಷಣ ಅವಳನ್ನೇ ಬೈಯುವವನು ಮನೆಯಲ್ಲಿ ಹೆಂಡತಿಯನ್ನು ಬೈಯುವವನು. ಇಂಥ ತೀರ್ಪುಗಳು ಅವಳ ಬಳಿ ಎಷ್ಟೋ ಇದ್ದವು. ಯಾವುದನ್ನೂ ಅವಳು ಬದಲಿಸಿಕೊಂಡದ್ದಿಲ್ಲ. ಪ್ಲಾಂಕ್ ಮನೆಯ ಏರ್ಮಾನನನ್ನು ಅವನು ಒಂಬತ್ತು ವರ್ಷದವನಿದ್ದಾಗಿಂದ ಬಲ್ಲಳು. ಅವನು ಸಾಲಿನಲ್ಲಿ ನಿಂತವನೇ ಅಲ್ಲ. ಬದಿಯಿಂದ ನುಸುಳಿ ಬಂದು ಬೇರೆಯವರ ಕೋಲಿನ ಅರ್ಧಕ್ಕೆ ಕೂರುತ್ತಿದ್ದ. ಈಗ ಅವನಿಗೆ ಐವತ್ತೆಂಟು. ಲಿಫ್ಟು ಕಂಪನಿಗೆ ಯಜಮಾನ, ಕಣಿವೆಯ ಅತಿ ದೊಡ್ಡ ಹೋಟೆಲಿಗೆ ಮಾಲೀಕ, ನೆರೆಯವರ ಕೂಟಕ್ಕೆ ಮುಖ್ಯಸ್ಥ.

"ಅದೇ ಕುಂಡಿ, ಪ್ಯಾಂಟು ಬೇರೆ," ಎನ್ನುವುದು ವೆಫಾಳ ಅಭಿಪ್ರಾಯ.

ಸ್ಕೂರ ಎಂದರೆ ಇಟಲಿಯ ಬಡಗಣ ಬೆಟ್ಟಗಳ ಆ ಜನರ ಲಾದಿನ್ ಮಾತಿನಲ್ಲಿ ಕತ್ತಲೆ. ನವೆಂಬರಿನಲ್ಲಿ ಮಾರ್ಟಿನ್ ಸಂತನ ದಿನ ತೆಂಕಣ ಬೆಟ್ಟದ ಹಿಂದೆ ಇಳಿದ ಸೂರ್ಯ, ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬದವರೆಗೆ ಕಣಿವೆಯ ತಳಕ್ಕೆ ಮುಖ ತೋರಿಸುವುದಿಲ್ಲ. ಏಳುನೂರು ವರ್ಷ ಅಲ್ಲಿ ಬಾರ್ಲಿ ಬೆಳೆದು, ಬೂದು ಹಸು ಸಾಕಿ, ಮೂವತ್ತೆಂಟು ಒಲೆಗಳ ಸುತ್ತ ಚಳಿ ಕಾಯಿಸಿಕೊಂಡು ಬದುಕಿದವರು ಕಂಡದ್ದನ್ನು ಕಂಡ ಹಾಗೆ ಹೇಳಿ ಆ ಹೆಸರಿಟ್ಟರು. ಏರ್ಮಾನನ ಪ್ರವಾಸಿ ಮಂಡಳಿ ಈಚೆಗೆ ಅದನ್ನು 'ಬೆಳಕಿನ ಕಣಿವೆ' ಮಾಡಿತು. ಜಾಹೀರಾತಿನ ಹಾಳೆಯ ಮೇಲಿನ ಚಿತ್ರ ಜೂನ್ ತಿಂಗಳದ್ದು. ಹಿಮವನ್ನು ಕಂಪ್ಯೂಟರಿನಲ್ಲಿ ಸುರಿಸಿದ್ದರು. ಡಿಸೆಂಬರಿನಲ್ಲಿ ಬಂದಿಳಿದ ಅತಿಥಿಗಳು ಮೂರು ದಿನ ಕಾದು, "ಸೂರ್ಯ ಎಷ್ಟು ಗಂಟೆಗೆ ಬರುತ್ತಾನೆ?" ಎಂದು ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೇಳುತ್ತಿದ್ದರು. ಆ ಮೇಜಿನ ಹಿಂದೆ ಕೂರುವವಳು ವೆಫಾಳ ತಂಗಿಯ ಮಗಳು ಬುರ್ಗಾ. "ಫೆಬ್ರವರಿಯಲ್ಲಿ" ಎಂದು ಸತ್ಯ ಹೇಳಿದ್ದಕ್ಕೆ ಅವಳಿಗೆ ಒಮ್ಮೆ ಬೈಗುಳವೂ ಸಿಕ್ಕಿತ್ತು.

ಆ ಕಣಿವೆಯಲ್ಲಿ ಮನುಷ್ಯನಿಗಿಂತ ಅವನ ಮನೆಯ ಹೆಸರು ದೊಡ್ಡದು, ಮನೆಗಿಂತ ಅದರ ಹೊಗೆ ದೊಡ್ಡದು. ಮೇಲಿನ ಹುಲ್ಲುಗಾವಲು, ಕಾಡು, ನೀರು ಇವು ಯಾರೊಬ್ಬರ ಸ್ವತ್ತೂ ಅಲ್ಲ, ನೆರೆಯವರ ಕೂಟದ್ದು. ಕೂಟದಲ್ಲಿ ಒಂದು ಒಲೆಗೆ ಒಂದು ಕೈ. ಯಾರು ಕೈಯೆತ್ತಬಹುದು ಎಂಬುದನ್ನು ಹಳೆಯ ಕಟ್ಟಳೆ ಪುಸ್ತಕ ಒಂದೇ ಸಾಲಿನಲ್ಲಿ ಹೇಳುತ್ತದೆ: ಮಾರ್ಟಿನನ ದಿನದಿಂದ ಮೇಣದಬತ್ತಿ ಹಬ್ಬದವರೆಗೆ ಯಾರ ಮನೆಯ ಹೊಗೆ ಆರುವುದಿಲ್ಲವೋ ಅವರೇ ನೆರೆಯವರು. ಕತ್ತಲೆಯ ಎಂಬತ್ತಮೂರು ದಿನಗಳನ್ನು ಇಲ್ಲಿ ಕಳೆಯದವನಿಗೆ ಇಲ್ಲಿಯ ಬಿಸಿಲಿನ ಮೇಲೆ ಹಕ್ಕಿಲ್ಲ ಎಂಬುದು ಅದರ ತಾತ್ಪರ್ಯ.

ಈ ಸಾಲಿನ ಏಟನ್ನು ರೊಂಕ್ ಮನೆ ತಿಂದಿತ್ತು. ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ರೋಮಿನವನೂ ಬರ್ಲಿನ್ನಿನವನೂ ಕೂತು ಒಪ್ಪಂದ ಮಾಡಿಕೊಂಡು, ಆ ಬೆಟ್ಟಗಳ ಜನರ ಮುಂದೆ ಕಾಗದ ಇಟ್ಟರು: ಜರ್ಮನರ ನಾಡಿಗೆ ಹೋಗುವಿರೋ, ಇಟಲಿಯವರಾಗಿ ಉಳಿಯುವಿರೋ, ವರ್ಷ ಮುಗಿಯುವುದರೊಳಗೆ ಹೇಳಿ. ಜರ್ಮನರೂ ಅಲ್ಲದ, ಇಟಲಿಯವರೂ ಅಲ್ಲದ ಲಾದಿನರು ಅಣ್ಣತಮ್ಮಂದಿರಲ್ಲೇ ಒಡೆದುಹೋದರು. ವೆಫಾಳ ಅಪ್ಪ ತೀತಾ ಹೋಗುವ ಕಾಗದಕ್ಕೆ ಸಹಿ ಹಾಕಿದ. ಒಲೆಯ ಬೂದಿ ಗುಡಿಸಿ, ಬಾಗಿಲು ಎಳೆದುಕೊಂಡು, ಹೆಂಡತಿಯ ಜೊತೆ ಗುಡ್ಡ ದಾಟಿದ. ಒಂಬತ್ತು ವರ್ಷ ಯಾರದೋ ಕಾರ್ಖಾನೆಯಲ್ಲಿ, ಮೊದಲು ಯಾರದೋ ಯುದ್ಧಕ್ಕೆ, ಆಮೇಲೆ ಯಾರದೋ ಮನೆಗೆ ಮೊಳೆ ಹೊಡೆದು ನಲವತ್ತೊಂಬತ್ತರಲ್ಲಿ ವಾಪಸು ಬಂದ. ಮನೆ ಇತ್ತು, ಒಲೆ ತಣ್ಣಗಿತ್ತು. ಕಣಿವೆಯ ರೂಢಿಯಂತೆ ಹೊಸದಾಗಿ ಒಲೆ ಹಚ್ಚುವವನು ನೆರೆಮನೆಯಿಂದ ಕೆಂಡ ತರಬೇಕು. ತೀತಾ ಕೆಂಡದ ಬಾಣಲೆ ಹಿಡಿದು ಪ್ಲಾಂಕ್ ಮನೆಗೆ ಹೋದ. ಆಗ ಕೂಟದ ಮುಖ್ಯಸ್ಥನಾಗಿದ್ದವನು ಏರ್ಮಾನನ ಅಜ್ಜ.

"ಹೊಗೆಯಿಲ್ಲದವರಿಗೆ ಕೆಂಡ ಇಲ್ಲ," ಎಂದು ಅವನು ಬಾಗಿಲಲ್ಲೇ ನಿಂತು ಹೇಳಿದನಂತೆ. ತೀತಾ ಬರಿಯ ಬಾಣಲೆ ಹಿಡಿದು ಗುಡ್ಡ ಹತ್ತಿದ.

ಅಷ್ಟಕ್ಕೇ ಬಿಡಲಿಲ್ಲ. ಕಟ್ಟಳೆಗೆ ಇನ್ನೊಂದು ಸಾಲು ಸೇರಿಸಿದರು: ಒಮ್ಮೆ ಹೊಗೆ ಆರಿಸಿದ ಮನೆ ಹತ್ತು ಚಳಿಗಾಲ ಬಿಡದೆ ಹೊಗೆಯಾಡಿಸಿದ ಮೇಲೆಯೇ ಕೈಯೆತ್ತಬೇಕು. ತೀತಾ ಬೆಂಕಿಕಡ್ಡಿ ಗೀರಿ ಒಲೆ ಹಚ್ಚಿದ. ಹತ್ತು ಚಳಿಗಾಲ ಅದು ಆರದಂತೆ ನೋಡಿಕೊಂಡ. ವೆಫಾ ಹುಟ್ಟಿದ್ದು ಎರಡನೆಯದರಲ್ಲಿ. ಅಪ್ಪ ಬೆಳಗಿನ ಜಾವ ಎದ್ದು ಮಗಳ ಮುಖ ನೋಡುವ ಮೊದಲು ಒಲೆಯ ಬಾಯಿ ನೋಡುತ್ತಿದ್ದ ಎಂದು ಅವಳು ದೂರುತ್ತಿದ್ದಳು. ಶಾಲೆಯಲ್ಲಿ ಅವಳ ಅಡ್ಡಹೆಸರು 'ಹೊಗೆಯಿಲ್ಲದವಳು'. ಮೈಯೆಲ್ಲ ಹೊಗೆಯ ವಾಸನೆ ಬರುತ್ತಿದ್ದ ಹುಡುಗಿಗೆ ಆ ಹೆಸರು. ಆ ಊರಿನವರ ಹಾಸ್ಯ ಅಷ್ಟರ ಮಟ್ಟಿಗಿನದು.

ಇಪ್ಪತ್ತರ ವಯಸ್ಸಿಗೆ ವೆಫಾ ಕಣಿವೆಯಲ್ಲಿ ಅತಿ ವೇಗವಾಗಿ ಸ್ಕೀ ಇಳಿಯುವವಳಾಗಿದ್ದಳು. ಜನವರಿಯ ದೊಡ್ಡ ಪಂದ್ಯದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ದಾರಿ ತೆರೆಯುವ ಕೆಲಸ ಮಾತ್ರ ಕೊಟ್ಟರು: ಪಂದ್ಯಕ್ಕೆ ಮುಂಚೆ ಒಬ್ಬಳೇ ಇಳಿದು, ಹೊಸ ಹಿಮ ಸೀಳಿ, ಎಲ್ಲಿ ಮಂಜುಗಟ್ಟಿದೆ, ಎಲ್ಲಿ ಕಂಬ ಸಡಿಲವಾಗಿದೆ ಎಂದು ಕೆಳಗೆ ಹೇಳುವುದು. ಬಿದ್ದರೆ ಅವಳು ಬೀಳಲಿ, ಪಂದ್ಯದವರು ಬೀಳದಿರಲಿ. ಅವಳ ಸಮಯವನ್ನು ಯಾರೂ ಹಿಡಿಯುತ್ತಿರಲಿಲ್ಲ. ಎಪ್ಪತ್ತೊಂದರ ಪಂದ್ಯದಲ್ಲಿ ಗಡಿಯಾರದ ಯೆಪೆಲೆ ಮರೆತು ಗುಂಡಿ ಒತ್ತಿದ. ಆ ಪಂದ್ಯ ಗೆದ್ದವನು ಏರ್ಮಾನನ ಅಪ್ಪ ರೂಡಿ. ಪಾದ ಮುಳುಗುವ ಹಿಮದಲ್ಲಿ ಮೊದಲು ಇಳಿದ ವೆಫಾ, ಅವಳು ಸೀಳಿದ ದಾರಿಯಲ್ಲಿ ಇಳಿದ ರೂಡಿಗಿಂತ ಒಂದೂಕಾಲು ಸೆಕೆಂಡು ಮುಂದಿದ್ದಳು. ಯೆಪೆಲೆ ಅಂಕಿಯನ್ನು ನೋಡಿದ, ಅದನ್ನೇ ನೋಡುತ್ತಿದ್ದ ಅವಳನ್ನು ನೋಡಿದ, ಗುಂಡಿ ಒತ್ತಿ ಸೊನ್ನೆ ಮಾಡಿದ.

"ದಾರಿ ತೆರೆಯೋರಿಗೆ ಸಮಯ ಇಲ್ಲ, ವೆಫಾ. ನಿಯಮ."

"ನಿಯಮದ ಮುಖಕ್ಕೆ ಸಗಣಿ ಹಾಕ."

"ಹಾಕು. ಆದ್ರೂ ಅದು ನಿಯಮವೇ."

ರೂಡಿಯ ಬಹುಮಾನದ ಬಟ್ಟಲು ಈಗಲೂ ಹೋಟೆಲಿನ ಊಟದ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ವಿಶೇಷ ದೀಪದ ಕೆಳಗಿದೆ. ಅದರ ಪಕ್ಕದಲ್ಲೊಂದು ಒಲೆ. ಅದರಲ್ಲಿ ಸೌದೆಯಿಲ್ಲ, ಬೂದಿಯಿಲ್ಲ. ನೀರಿನ ಹಬೆಯ ಮೇಲೆ ಕೆಂಪು ದೀಪ ಬಿಟ್ಟು ಜ್ವಾಲೆಯೆಂದು ತೋರಿಸುತ್ತಾರೆ. ಅತಿಥಿಗಳು ಅದಕ್ಕೆ ಅಂಗೈ ಚಾಚಿ ಚಳಿ ಕಾಯಿಸಿಕೊಳ್ಳುತ್ತಾರೆ.

ನಿಜದ ಒಲೆಗಳನ್ನು ಏರ್ಮಾನ್ ಮೂರು ವರ್ಷದ ಹಿಂದೆಯೇ ಮುಗಿಸಿದ್ದ. ಹೊಳೆಯ ಪಕ್ಕ ಮರದ ಚೂರು ಉರಿಸಿ ನೀರು ಕಾಯಿಸುವ ಕಾರ್ಖಾನೆ ಎದ್ದಿತು. ಅಲ್ಲಿಂದ ಮನೆಮನೆಗೆ ಬಿಸಿನೀರಿನ ಕೊಳವೆ ಹೋಯಿತು. ಸೌದೆ ಒಡೆಯುವ ಕಾಟವಿಲ್ಲ, ಬೂದಿ ಚೆಲ್ಲುವ ಕಾಟವಿಲ್ಲ. ಗೋಡೆಯ ಮೇಲೊಂದು ಗುಂಡಿ ತಿರುಗಿಸಿದರೆ ಸಾಕು. ಸಂಭ್ರಮದಲ್ಲಿ ಜನ ಹಳೆಯ ಚಿಮಣಿಗಳ ಬಾಯಿಗೆ ಗಾರೆ ಮೆತ್ತಿದರು, ಚಳಿಗಾಳಿ ನುಗ್ಗದಿರಲಿ ಎಂದು. ಮೂವತ್ತೇಳು ಮನೆಗಳು ಸೇರಿದವು. ರೊಂಕ್ ಸೇರಲಿಲ್ಲ. ಬುರ್ಗಾಗೆ ದೊಡ್ಡಮ್ಮನ ಹಟ ಹೋಟೆಲಿನಲ್ಲಿ ತಲೆತಗ್ಗಿಸುವ ವಿಷಯವಾಯಿತು.

"ಆಂದಾ, ನಿಂಗೆ ಎಪ್ಪತ್ತೆರಡಾಯ್ತು. ಕೊಳವೆ ಹಾಕಿಸ್ಕೊಂಡು ಹಾಯಾಗಿರು," ಎಂದಳು. ಆಂದಾ ಎಂದರೆ ದೊಡ್ಡಮ್ಮ; ಊರಿನ ಹಿರಿಯ ಹೆಂಗಸರೆಲ್ಲ ಎಲ್ಲರಿಗೂ ಆಂದಾ.

"ಪ್ಲಾಂಕಿನವನು ಕಾಯಿಸಿದ ನೀರಲ್ಲಿ ನಾನು ಬೆಚ್ಚಗಾಗ್ಬೇಕಾ? ಅದಕ್ಕಿಂತ ಹಸುವಿನ ಪಕ್ಕ ಮಲಗ್ತೀನಿ. ಅದಾದ್ರೂ ಗುದ್ದೋವಾಗ ಹೇಳಿ ಗುದ್ದುತ್ತೆ."

ಇಷ್ಟು ಹಳೆಯ ಕಥೆ. ಹೊಸದು ನೀರಿನದು. ರೊಂಕ್ ಮನೆಯ ಮೇಲೆ ಪ್ರಾ ಲೊಂಗ್ ಎಂಬ ಉದ್ದನೆಯ ಹುಲ್ಲುಗಾವಲಿದೆ, ಕೂಟದ್ದು. ಅದರ ನೆತ್ತಿಯಲ್ಲಿ ಒಂದು ಒರತೆ. ಆ ಒರತೆಯ ನೀರು ಲಾರ್ಚ್ ಮರ ಕೊರೆದು ಮಾಡಿದ ಉದ್ದ ದೋಣಿಯಲ್ಲಿ ಹರಿದು ರೊಂಕ್ ಅಂಗಳದ ತೊಟ್ಟಿಗೆ ಬೀಳುತ್ತದೆ. ಮನೆಗೆ, ಎರಡು ಹಸುಗಳಿಗೆ, ಹಿತ್ತಲಿಗೆ ಅದೊಂದೇ ನೀರು. ಹಿಮ ಬೀಳುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಲಿಫ್ಟು ಕಂಪನಿ ಫಿರಂಗಿಯಂಥ ಯಂತ್ರಗಳಿಂದ ಹಿಮ ಉಗುಳಿಸತೊಡಗಿತ್ತು. ಅವಕ್ಕೆ ಕುಡಿಯಲು ನೀರು ಸಾಲದು. ಪ್ರಾ ಲೊಂಗ್ ಅಗೆದು ದೊಡ್ಡ ಕೆರೆ ಕಟ್ಟಿ, ಒರತೆಯನ್ನು ಅದಕ್ಕೆ ತಿರುಗಿಸುವುದೆಂದು ಏರ್ಮಾನ್ ಯೋಜನೆ ಹಾಕಿದ. ತೊಟ್ಟಿ ಒಣಗಿದ ದಿನ ರೊಂಕ್ ಮುಗಿದಂತೆ. ಇದು ವೆಫಾಗೆ ಗೊತ್ತಿತ್ತು, ಏರ್ಮಾನನಿಗೂ ಗೊತ್ತಿತ್ತು. ಕೆಳಗೆ ಊರಿನಲ್ಲಿ ಒಂದು ಕೋಣೆಯ ಮನೆ ಕೊಡಿಸುತ್ತೇನೆಂದು ಅವನು ಬುರ್ಗಾಳ ಮೂಲಕ ಹೇಳಿಕಳಿಸಿದ್ದ. ಕಿಟಕಿಯಿಂದ ಬಿಸಿನೀರಿನ ಕಾರ್ಖಾನೆ ಕಾಣುವ ಮನೆ. ಕೂಟದ ಒಪ್ಪಿಗೆಯೊಂದು ಬಾಕಿ. ಅದಕ್ಕೆ ಮೇಣದಬತ್ತಿ ಹಬ್ಬದ ದಿನವನ್ನು ಗೊತ್ತುಮಾಡಿದರು. ಮೂವತ್ತೆಂಟರಲ್ಲಿ ಮೂವತ್ತೇಳು ಕೈಗಳು ಏಳುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅದಕ್ಕೂ ಮೊದಲು, ಅಕ್ಟೋಬರಿನ ಕೂಟದಲ್ಲಿ, ಏರ್ಮಾನನಿಗೆ ಬೇರೊಂದು ತಲೆನೋವು ಬಂತು. ಮಿಲಾನಿನ ನಾಲ್ವರು ಸಿರಿವಂತರು ಇಲ್ಲಿ ಹಳೆಯ ಕೊಟ್ಟಿಗೆಗಳನ್ನು ಕೊಂಡು ಬೇಸಿಗೆ ಮನೆ ಮಾಡಿಕೊಂಡಿದ್ದರು. ತಮಗೂ ಕೂಟದಲ್ಲಿ ಕೈ ಬೇಕು ಎಂದು ವಕೀಲರ ಪತ್ರ ಕಳಿಸಿದ್ದರು. ಏರ್ಮಾನ್ ಹಳೆಯ ಕಟ್ಟಳೆಯನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ ತಂದು ಎತ್ತಿ ಹಿಡಿದ.

"ಬೇಸಿಗೇಲಿ ಎರಡು ವಾರ ಬಂದು ಜಗಲಿ ಮೇಲೆ ಕಾಲು ಚಾಚೋರಿಗೆ ಕೈಯೆತ್ತೋ ಹಕ್ಕು ಯಾಕೆ? ನಮ್ಮ ಹಿರಿಯರು ಬರೆದಿಟ್ಟಿದ್ದಾರೆ. ಹೊಗೆ ಇದ್ದೋನು ನೆರೆಯೋನು. ಇವತ್ತಿಂದ ಇದನ್ನ ಅಕ್ಷರಕ್ಕೆ ಅಕ್ಷರ ಪಾಲಿಸೋಣ!"

ಚಪ್ಪಾಳೆ ಬಿತ್ತು. ಹಿರಿಯರ ಹೆಸರೆತ್ತಿದರೆ ಚಪ್ಪಾಳೆ ತಟ್ಟುವುದು ಆ ಜನರಿಗೆ ಸೀನು ಬಂದಷ್ಟು ಸಲೀಸು. ವೆಫಾ ಹಿಂದಿನ ಬೆಂಚಿನಲ್ಲಿ ಕಾಲ್ಚೀಲ ಹೆಣೆಯುತ್ತಿದ್ದಳು.

"ವೆಫಾ ಆಂದಾ, ನಿಮ್ಮ ಒಪ್ಪಿಗೆ ಇದೆ ತಾನೆ?" ಏರ್ಮಾನ್ ನಗುತ್ತ ಕೇಳಿದ. ಎಲ್ಲರಿಗೂ ಅವಳಪ್ಪನ ಕಥೆ ನೆನಪಾಗಿ ಅಲ್ಲಲ್ಲಿ ನಗು ಎದ್ದಿತು.

"ಅಕ್ಷರಕ್ಕೆ ಅಕ್ಷರ ಅಂದ್ಯಲ್ಲ?"

"ಅಕ್ಷರಕ್ಕೆ ಅಕ್ಷರ."

"ನಿಮ್ಮಜ್ಜ ಸೇರಿಸಿದ ಹತ್ತು ಚಳಿಗಾಲದ ಸಾಲೂ ಸೇರಿ?"

"ಅದೂ ಸೇರಿ. ಅಜ್ಜನ ಸಾಲು ಬಿಡೋಕಾಗತ್ತಾ?"

"ಹಾಗಿದ್ರೆ ನನ್ನ ಕೈಯೂ ಇದೆ," ಎಂದು ವೆಫಾ ಹೆಣಿಗೆಯ ಕಡ್ಡಿ ಹಿಡಿದ ಕೈಯನ್ನೇ ಎತ್ತಿದಳು. ಕೂಟದ ಪುಸ್ತಕ ಬರೆಯುವವನು ಯೆಪೆಲೆ, ಗಡಿಯಾರದ ಅದೇ ಯೆಪೆಲೆ, ಈಗ ಎಂಬತ್ತರವನು. 'ಸರ್ವಾನುಮತ' ಎಂದು ಬರೆದು ಕೆಳಗೆ ಗೆರೆ ಎಳೆದ.

ಆ ಸಂಜೆ ವೆಫಾ ಸೌದೆಯ ರಾಶಿಯ ಸುತ್ತ ಒಂದು ಸುತ್ತು ಹಾಕಿ ಬಂದಳು. ಯಾರಿಗೂ ಏನೂ ಹೇಳಲಿಲ್ಲ. ಕೇಳಿದವರೂ ಇರಲಿಲ್ಲ. ಮಾರ್ಟಿನನ ದಿನ ಬೆಳಿಗ್ಗೆ ಎಂದಿನಂತೆ ಒಲೆ ತುಂಬಿದಳು.

ಜನವರಿಯ ಪಂದ್ಯ ಆ ವರ್ಷ ಹಸಿರು ಗುಡ್ಡದ ಮೇಲೆ ಹಾಸಿದ ಒಂದು ಬಿಳಿ ಪಟ್ಟಿಯಲ್ಲಿ ನಡೆಯಿತು, ಹೊಲಿದ ಗಾಯದ ಮೇಲಿನ ಬ್ಯಾಂಡೇಜಿನ ಹಾಗೆ. ಪಟ್ಟಿಯ ಆಚೆ ಈಚೆ ಕೆಸರು. ವೆಫಾ ಅಂಗಳದಿಂದ ನೋಡಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎನ್ನುವ ಅರ್ಥದ ಲಾದಿನ್ ಗಾದೆಯೊಂದನ್ನು ಹಸುಗಳಿಗೆ ಹೇಳಿದಳು. ಅದು ಇಲ್ಲಿ ಅಚ್ಚು ಹಾಕುವಂಥದಲ್ಲ. ಮರುದಿನ ತೊಟ್ಟಿಯ ಮೇಲಿನ ಮಂಜು ಒಡೆಯಲು ಹೋದವಳು ಜಾರಿ ಬಿದ್ದಳು. ಎಡ ಮಣಿಕಟ್ಟು ಮುರಿಯಿತು, ಸೊಂಟ ಉಳುಕಿತು. ಹಾಲಿನ ಗಾಡಿಯವನು ನೋಡಿ ಆಂಬುಲೆನ್ಸ್ ಕರೆಸಿದ.

ಸ್ಟ್ರೆಚರಿನ ಮೇಲೆ ಮಲಗಿದವಳು ಓಡಿಬಂದ ಬುರ್ಗಾಳ ತೋಳು ಹಿಡಿದುಕೊಂಡಳು.

"ಒಲೆ ಆರಬಾರದು."

"ಆಂದಾ, ಮೊದ್ಲು ನಿನ್ನ ಕೈ..."

"ಕೈ ಎರಡಿದೆ. ಒಲೆ ಒಂದೇ. ಮೂರು ಗಂಟೆಗೊಮ್ಮೆ ಲಾರ್ಚ್ ಸೌದೆ ಹಾಕು. ಆರಬಾರದು, ಕೇಳಿಸ್ತಾ?"

"ಹಸು ಯಾರು ನೋಡ್ಬೇಕು ಅಂತ ಕೇಳೋಲ್ಲ, ಒಲೆ ಅಂತೀಯಲ್ಲ!"

"ಹಸುಗೆ ಹಸಿವಾದ್ರೆ ಕೂಗುತ್ತೆ. ಒಲೆ ಕೂಗಲ್ಲ."

ಆಸ್ಪತ್ರೆಯಲ್ಲಿ ಮೂರು ದಿನ. ಕಿಟಕಿಯಿಂದ ಬೇರೆ ಕಣಿವೆಯ ಬೆಟ್ಟ ಕಾಣುತ್ತಿತ್ತು, ರೊಂಕ್ ಕಾಣುತ್ತಿರಲಿಲ್ಲ. ಬುರ್ಗಾ ಮೇಲೆ ವೆಫಾಗೆ ಕಾಸಿನಷ್ಟು ನಂಬಿಕೆಯಿರಲಿಲ್ಲ. ಏರ್ಮಾನನ ಅನ್ನ ತಿನ್ನುವವಳು; ದಿನವಿಡೀ ಗುಂಡಿ ತಿರುಗಿಸಿ ಬೆಚ್ಚಗಾಗುವವಳು; ಸ್ಕೀ ಲಿಫ್ಟಿನ ಕೋಲು ಸಿಗುವ ಮುನ್ನವೇ ಎರಡೂ ಕೈಯಲ್ಲಿ ತಡಕಾಡುತ್ತಿದ್ದ ಹುಡುಗಿ. ಒಂದು ಹೊತ್ತು ನಿದ್ದೆ ಮಾಡಿಬಿಟ್ಟರೆ ಸಾಕು, ಹತ್ತು ಚಳಿಗಾಲದ ಮಟ್ಟಿಗೆ ಕೂಟದ ಕೈ ಹೋಯಿತು, ಒರತೆ ಹೋಯಿತು, ರೊಂಕ್ ಹೋಯಿತು. ಇದನ್ನು ಬುರ್ಗಾಗೆ ಬಿಡಿಸಿ ಹೇಳಿದರೆ ಮಾತು ಸಂಜೆಯೊಳಗೆ ಹೋಟೆಲಿನ ಮೇಜಿಗೆ ಮುಟ್ಟುತ್ತದೆ. ಹೇಳದಿದ್ದರೆ ಮುದುಕಿಯ ಹುಚ್ಚೆಂದು ಅವಳು ತಾತ್ಸಾರ ಮಾಡಬಹುದು. ವೆಫಾ ಹೇಳದೆ ಉಳಿದಳು. ನಾಲ್ಕನೆಯ ಬೆಳಿಗ್ಗೆ ಡಾಕ್ಟರು ಬೇಡವೆಂದರೂ ಕಾಗದಕ್ಕೆ ಸಹಿ ಹಾಕಿ ಬಸ್ಸು ಹತ್ತಿದಳು.

ಆರನೆಯ ತಿರುವಿನಲ್ಲಿ ಬಸ್ಸಿನ ಗಾಜು ಒರೆಸಿ ಮೇಲೆ ನೋಡಿದಳು. ರೊಂಕಿನ ಸೂರಿನ ಮೇಲೆ ತೆಳ್ಳಗೆ, ನೆಟ್ಟಗೆ, ನೀಲಿ ಹೊಗೆ ನಿಂತಿತ್ತು.

ಒಳಗೆ ಬುರ್ಗಾ ಒಲೆಯ ಮುಂದೆ ಬೆಂಚಿನ ಮೇಲೆ ಹೋಟೆಲಿನ ಸಮವಸ್ತ್ರದಲ್ಲೇ ಕುಕ್ಕರಿಸಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು, ತೋಳಿನ ತುಂಬ ಮಸಿ. ಕೆಲಸಕ್ಕೆ ಮೂರು ದಿನ ಹೋಗಿರಲಿಲ್ಲ. ವೆಫಾ ಒಲೆಯ ಬಾಗಿಲು ತೆಗೆದು ಇಣುಕಿದಳು.

"ಫರ್ ಮರ ಹಾಕಿದೀಯ, ಬೇಗ ಉರಿದುಹೋಗುತ್ತೆ. ಲಾರ್ಚ್ ಅಂದಿದ್ನಲ್ಲ?"

"ಲಾರ್ಚ್ ನಿನ್ನೆ ಮುಗೀತು ಆಂದಾ! ರಾಶಿ ಹಿಂದಿಂದು ಒಡೆಯೋಕೆ ನಂಗೆ ಬರಲ್ಲ!"

"ಬರಲ್ಲ ಅಂತ ನಂಗೊತ್ತು," ಎಂದ ವೆಫಾ ಬಾರ್ಲಿ ಗಂಜಿಗೆ ನೀರಿಟ್ಟಳು. ಇಬ್ಬರಿಗಾಗುವಷ್ಟು. ಹೊಗೆಯಾಡಿಸಿದ ಹಂದಿಮಾಂಸದ ಒಳ್ಳೆಯ ತುಂಡನ್ನು ಬುರ್ಗಾಳ ತಟ್ಟೆಗೆ ಹಾಕಿದಳು. ಆ ಮನೆಯಲ್ಲಿ ಕೃತಜ್ಞತೆ ಎಂದರೆ ಅಷ್ಟೆ.

ಮೇಣದಬತ್ತಿ ಹಬ್ಬದ ದಿನ ಕೊರೆಯುವ ಚಳಿ, ಗಾಳಿಯಿಲ್ಲ. ಪೂಜೆ ಮುಗಿಸಿ ಬಂದ ಜನ ಚರ್ಚಿನ ಅಂಗಳದಲ್ಲಿ ಸೇರಿದ್ದರು. ಕೂಟ ಅಲ್ಲೇ, ನಿಂತುಕೊಂಡೇ ನಡೆಯುವುದು ರೂಢಿ. ಸೂರ್ಯ ಮೊದಲು ಗಂಟೆಗೋಪುರಕ್ಕೆ ತಾಗುತ್ತಾನೆ, ತಾಗಿದ ಗಳಿಗೆಗೆ ಹೊಗೆ ಎಣಿಸಿದ ಪಟ್ಟಿ ಓದಬೇಕು. ಇಷ್ಟು ವರ್ಷ ಯೆಪೆಲೆ ಹೋದ ವರ್ಷದ ಪಟ್ಟಿಯನ್ನೇ ನಕಲು ಮಾಡಿ ಓದುತ್ತಿದ್ದ. ಈ ಸಲ ಅವನು ಅಂಗಳದಲ್ಲಿ ಕಾಣಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಗೋಪುರದ ಕಿರುಬಾಗಿಲಿನಿಂದ ಏದುಸಿರು ಬಿಡುತ್ತ ಹೊರಬಂದ. ಟೋಪಿಯ ಮೇಲೆ ಪಾರಿವಾಳದ ಹಿಕ್ಕೆಯಿತ್ತು.

"ಮೇಲೆ ಏನ್ಮಾಡ್ತಿದ್ದೆ ಬೆರ್ಬಾ?" ಏರ್ಮಾನ್ ಕೇಳಿದ. ಹಿರಿಯ ಗಂಡಸರನ್ನು ಅಲ್ಲಿ ಕರೆಯುವುದು ಹಾಗೆ.

"ಎಣಿಸ್ತಿದ್ದೆ. ಅಕ್ಷರಕ್ಕೆ ಅಕ್ಷರ ಅಂತ ಬರೆಸಿದ್ರಲ್ಲ. ಪುಸ್ತಕದಲ್ಲಿ 'ಗೋಪುರ ಹತ್ತಿ ಕಣ್ಣಾರೆ ಎಣಿಸಿ' ಅಂತಿದೆ."

ಬಿಸಿಲು ಗೋಪುರದ ಶಿಲುಬೆಗೆ ತಾಗಿತು. ಯೆಪೆಲೆ ಕನ್ನಡಕ ಹಾಕಿಕೊಂಡು ಓದಿದ.

"ರೊಂಕ್. ಒಂದು."

ಪುಸ್ತಕ ಮುಚ್ಚಿದ.

ಮುಂದಿನ ಹೆಸರಿಗೆ ಎಲ್ಲರೂ ಕಾದರು. ಯಾರೋ ಕೆಮ್ಮಿದರು. ಆಮೇಲೆ ಒಬ್ಬರ ನಂತರ ಒಬ್ಬರು ತಲೆಯೆತ್ತಿ ತಮ್ಮ ತಮ್ಮ ಸೂರು ನೋಡತೊಡಗಿದರು. ಮೂವತ್ತೇಳು ಚಿಮಣಿಗಳು, ಮೂವತ್ತೇಳು ಗಾರೆಯ ಬಿರಟೆಗಳು. ಮೂರು ವರ್ಷ ದಿನವೂ ಅವುಗಳಡಿಯೇ ಓಡಾಡಿದವರು ಅಂದು ಮೊದಲ ಬಾರಿಗೆ ಅವನ್ನು ಕಂಡವರಂತೆ ನಿಂತಿದ್ದರು.

"ಇದೇನು ತಮಾಷೆ!" ಏರ್ಮಾನನ ಕುತ್ತಿಗೆ ಕೆಂಪಾಯಿತು. "ಅಲ್ನೋಡು, ಹೊಳೆ ಪಕ್ಕ! ಎಷ್ಟು ಹೊಗೆ ಬೇಕು ನಿಂಗೆ? ಅದು ನಮ್ಮೆಲ್ಲರ ಹೊಗೆ. ಮೂವತ್ತೇಳು ಮನೇದೂ ಒಟ್ಟಿಗೇ ಅಲ್ಲಿ ಏಳ್ತಿದೆ!"

"ಅಲ್ಲಿ ಯಾರಾದ್ರೂ ವಾಸ ಇದಾರಾ?" ಯೆಪೆಲೆ ಕೇಳಿದ.

"ಅದು ಬಾಯ್ಲರು, ಅಲ್ಲಿ ಯಾರು ವಾಸ ಇರ್ತಾರೆ!"

"'ಮನೆಯ ಹೊಗೆ' ಅಂತಿದೆ. ಬಾಯ್ಲರಿನ ಹೊಗೆ ಅಂತಿಲ್ಲ."

"ಏರ್ಮಾನ್," ಎಂದಳು ವೆಫಾ, ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು. "ನಿನ್ನ ಹೋಟೆಲಲ್ಲಿ ಒಂದು ಒಲೆ ಇದೆಯಲ್ಲಪ್ಪ. ದೀಪದ್ದು. ಅದರ ಹೊಗೆ ಎಲ್ಲಿಂದ ಹೋಗುತ್ತೆ?"

ನಕ್ಕವರು ಹಿಂದಿನ ಸಾಲಿನವರು, ಅದೂ ತಲೆ ತಗ್ಗಿಸಿಕೊಂಡು. ಅಕ್ಟೋಬರಿನಲ್ಲಿ ಚಪ್ಪಾಳೆ ತಟ್ಟಿದವರೂ ಇವರೇ. ಗಾಳಿ ತಿರುಗಿದ ಕಡೆಗೆ ತಾವೂ ತಿರುಗುವ ಆ ಮುಖಗಳನ್ನು ವೆಫಾ ನೋಡಿದಳು; ಮುಖಕ್ಕಿಂತ ಬೆನ್ನೇ ವಾಸಿ ಎನ್ನಿಸಿತು. ಮಿಲಾನಿನವರಿಗೆಂದು ತೋಡಿದ ಹಳ್ಳಕ್ಕೆ ಇಡೀ ಊರೇ ಸಾಲಾಗಿ, ಶಿಸ್ತಾಗಿ, ಹಿರಿಯರಿಗೆ ಜೈ ಎನ್ನುತ್ತ ಇಳಿದಿತ್ತು.

ಯೆಪೆಲೆ ಗಂಟಲು ಸರಿಮಾಡಿಕೊಂಡ. "ಪ್ರಾ ಲೊಂಗ್ ಅಗೆದು ಕೆರೆ ಕಟ್ಟೋ ವಿಷಯ. ಕೈಯೆತ್ತಬಹುದಾದೋರು ಒಬ್ಬರು. ರೊಂಕ್ ಏನಂತೀರಿ?"

"ಬೇಡ."

"ಬಿದ್ದುಹೋಯ್ತು. ಮುಂದಿನ ವಿಷಯ."

ಮುಂದಿನ ವಿಷಯ ಚರ್ಚಿನ ಬೇಲಿಗೆ ಬಣ್ಣ ಬಳಿಯುವುದು. ಅದನ್ನೂ ವೆಫಾ ಒಬ್ಬಳೇ ತೀರ್ಮಾನಿಸಬೇಕಾಯಿತು. ಬೇಡ ಎಂದಳು, ಸುಮ್ಮನೆ.

ಗುಂಪು ಚದುರುವಾಗ ಯೆಪೆಲೆ ಅವಳ ಹತ್ತಿರ ಬಂದು ನಿಂತ.

"ಎಪ್ಪತ್ತೊಂದರ ಪಂದ್ಯದಲ್ಲಿ..." ಎಂದು ಶುರುಮಾಡಿದ.

"ಒಂದೂಕಾಲು ಸೆಕೆಂಡು. ನಂಗೊತ್ತು. ನಿನ್ನ ಟೋಪಿ ಒರೆಸ್ಕೋ."

ಆ ಬೇಸಿಗೆಯಲ್ಲಿ ಕಣಿವೆಯ ತುಂಬ ಸುತ್ತಿಗೆ ಸದ್ದು. ಜನ ಸೂರು ಹತ್ತಿ ಗಾರೆ ಕೆತ್ತಿ ತೆಗೆದರು. ಹಳೆ ಒಲೆ ಮಾರಿದವರು ಹೊಸದಕ್ಕೆ ಅಲೆದರು. ಏರ್ಮಾನನ ವಕೀಲರು ಕಟ್ಟಳೆಯ ಎರಡು ಸಾಲನ್ನು ಎಂಟು ತಿಂಗಳು ಓದಿ, ಅದು ಬರೆದ ಹಾಗೇ ಇದೆ ಎಂದು ತಿಳಿಸಿದರು. ಮಾರ್ಟಿನನ ದಿನ ಮೂವತ್ತೆಂಟು ಚಿಮಣಿಗಳೂ ಹೊಗೆಯಾಡಿದವು. ಪ್ರವಾಸಿ ಮಂಡಳಿ ತಡಮಾಡಲಿಲ್ಲ. 'ಒಲೆಗಳ ಕಣಿವೆ' ಎಂದು ಹೊಸ ಹಾಳೆ ಅಚ್ಚು ಹಾಕಿಸಿತು.

ವೆಫಾ ಅಂಗಳದಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಪಕ್ಕದಲ್ಲಿ ಬುರ್ಗಾ ಸೌದೆ ಒಡೆಯುತ್ತಿದ್ದಳು, ಕೆಟ್ಟದಾಗಿ. ಹೋಟೆಲಿನ ಕೆಲಸ ಬಿಟ್ಟು ಬಂದಿದ್ದಳು. ಬಿಟ್ಟಳೋ ಬಿಡಿಸಿದರೋ ವೆಫಾ ಕೇಳಿರಲಿಲ್ಲ.

"ಹಸಿ ಸೌದೆ ಹಾಕಿದಾರೆ. ನೋಡು, ಹಳದಿ ಹೊಗೆ. ಹತ್ತು ಚಳಿಗಾಲ ತಡೀತಾರಾ ಇವರು?" ಎಂದಳು ವೆಫಾ.

ಡಿಸೆಂಬರಿನ ಮೂರನೆಯ ವಾರ, ಹೋಟೆಲು ತುಂಬಿ ತುಳುಕುತ್ತಿದ್ದ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಪ್ಲಾಂಕಿನ ಚಿಮಣಿ ಬರಿದಾಗಿತ್ತು. ಹನ್ನೊಂದಕ್ಕೂ ಬರಿದು. ಒಂದು ಗಂಟೆಗೆ ಮತ್ತೆ ಹೊಗೆ ಎದ್ದಿತು, ಕಳ್ಳನ ಹಾಗೆ.

"ಆಂದಾ! ಆರಿತ್ತು! ಯೆಪೆಲೆ ಬೆರ್ಬಾಗೆ ಹೇಳೋಣ," ಬುರ್ಗಾ ಕೊಡಲಿ ಬಿಟ್ಟು ಎದ್ದಳು.

"ಯಾಕೆ?"

"ಯಾಕೆ ಅಂದ್ರೆ? ಅವನ ಹತ್ತು ವರ್ಷ ಮತ್ತೆ ಮೊದಲಿಂದ ಶುರು!"

"ಹೇಳಿದ್ರೆ ಅವನನ್ನ ಲೆಕ್ಕಕ್ಕಿಟ್ಟ ಹಾಗಾಯ್ತು," ಎಂದಳು ವೆಫಾ. "ಇವತ್ತು ಆರಿಸಿದೋನು ನಾಳೆ ಯೆಪೆಲೆ ಕಣ್ಣೆದುರಿಗೇ ಆರಿಸ್ತಾನೆ. ಕೂತು ನೋಡು. ಈಗ ಆ ಕೊಡಲಿ ಸರಿಯಾಗಿ ಹಿಡಿ, ಕಾಲು ಕಡ್ಕೋತೀಯ."

ಬಕೆಟ್ಟು ತೆಗೆದುಕೊಂಡು ತೊಟ್ಟಿಯ ಕಡೆ ನಡೆದಳು. ಮರದ ದೋಣಿಯ ತುದಿಯಲ್ಲಿ ಮಂಜಿನ ಗಡ್ಡ ಬೆಳೆದಿತ್ತು. ಮುರಿದು ಕೂಡಿದ ಕೈಯಲ್ಲೇ ಅದನ್ನು ತಟ್ಟಿ ಬೀಳಿಸಿದಳು. ನೀರು ಬೀಳುತ್ತಿತ್ತು.